ಗಡಿಕಲ್ಲು ದಾಟದ ಕುರಿಮರಿ

ಹನಮಪ್ಪ ಕಾಕಾ,

ಮೊನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಮ್ಮ ಹಟ್ಟಿಯಲ್ಲಿ ಕುರಿಗಳಿರುವ ಜಾಗದಲ್ಲಿ ಗುಡ್ಡದ ಜಿಂಕೆಗಳು, ನಮ್ಮ ಚಿಗರಿಗಳು, ನಿಂತಿದ್ದವು, ಎಲ್ಲದರ ಮೂಗಿನಿಂದಲೂ ಸಿಂಬಳ ಸುರಿಯುತ್ತಿತ್ತು. ನೀನು ಬೇಲಿಯಾಚೆ ಕಂಬಳಿ ಹೊದ್ದು ನಿಂತಿದ್ದೆ. ಎದ್ದು ಬೀಬೀಜಾನಳಿಗೆ ಹೇಳಿದರೆ, "ಕನಸಿನ್ಯಾಗೂ ಮಂದಿ ನೆಗಡಿ ನೋಡ್ಕೋತ ಕುಂಡ್ರತೀರಿ ನೀವು" ಎಂದು ಮಗ್ಗುಲಾದಳು. ಹೆಂಡತಿಗೆ ನಗೆ. ನನಗೆ ಆಮೇಲೆ ನಿದ್ದೆ ಹತ್ತಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ನಿನ್ನ ಕುರಿ ಹಿಂದೆ ಬಂದವನು ನಾನು, ಬರವಣಿಗೆಯ ತಪ್ಪುಒಪ್ಪು ನೋಡಬೇಡ. ಬೇರೆಯವರು ಹೇಳುವ ಮೊದಲು ನಾನೇ ನಿನಗೆ ಹೇಳಬೇಕು. ಈ ಸಲ ಕುರಿಗಳಿಗೆ ಹಿರೇಬ್ಯಾನಿ, ಆ ದೊಡ್ಡ ಬೇನೆ, ಬಂದಾಗ ನಾನು ಮರಿಯನ್ನು ಗಡಿ ದಾಟಿಸಲಿಲ್ಲ.

ನೀನು ಮರಿ ಹೊತ್ತು ಹೊರಟಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ವರ್ಷ ಕುರಿಗಳ ಬಾಯೆಲ್ಲ ಹುಣ್ಣಾಗಿ, ಮೇವು ಬಿಟ್ಟು, ಕಣ್ಣಲ್ಲಿ ನೀರು ಸೋರಿಸುತ್ತ ನಿಂತಿದ್ದವು. ಬೇನೆ ಬಿದ್ದ ಮರಿಯೊಂದಕ್ಕೆ ನೀನು ಅರಿಸಿನದ ಭಂಡಾರ ಬಳಿದು, ಕೊರಳಿಗೆ ಬೇವಿನ ಸೊಪ್ಪು ಕಟ್ಟಿ, ಗಡಿಕಲ್ಲಿನಾಚೆ ಗುಡ್ಡದ ಅಡಿಗೆ ಬಿಟ್ಟು ಬಂದೆ. ಮರಿಯ ಜೊತೆ ಬೇನೆಯನ್ನೂ ದುರಗವ್ವ ಒಯ್ಯುತ್ತಾಳೆಂದು ಹಿರಿಯರಿಂದ ಬಂದ ಪದ್ಧತಿ. "ಹೊಳ್ಳಿ ನೋಡಬ್ಯಾಡಲೇ ದಾವಲ್ಯಾ, ಬೆನ್ನ ಹತ್ತಿ ಬರತೈತಿ" ಎಂದಿದ್ದೆ. ನಾನು ನೋಡಲಿಲ್ಲ. ಆದರೆ ಸ್ವಲ್ಪ ದಿನಕ್ಕೆ ಹಳ್ಳದ ದಂಡೆಯಲ್ಲಿ ಎರಡು ಚಿಗರಿ ಸತ್ತು ಬಿದ್ದಿದ್ದವು. ಬಾಯಲ್ಲಿ ಅದೇ ಹುಣ್ಣು. ನೀನು ಕೈ ಮುಗಿದು, "ಅವ್ವ ದಾಟಿ ಹ್ವಾದ್ಳು ನೋಡು" ಎಂದೆ. ನಮ್ಮ ಕುರಿ ಉಳಿದವಲ್ಲ ಎಂದು ನನಗೂ ಸಮಾಧಾನವಾಯಿತು. ಆಗ ನಮಗೆ ತಿಳಿಸಿ ಹೇಳುವವರಾದರೂ ಯಾರಿದ್ದರು?

ಈಗ ಗದಗ ಬೇರೆ ಜಿಲ್ಲೆಯಾಗಿದೆ ಕಾಕಾ, ಅದನ್ನು ನೋಡಲು ನೀನಿರಲಿಲ್ಲ. ಎಲ್ಲದಕ್ಕೂ ಧಾರವಾಡಕ್ಕೆ ಓಡುವುದು ತಪ್ಪಿತು. ಸುಗ್ಗಿ ಮುಗಿದ ಮೇಲೆ ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಪರವೂರಿನ ಕುರಿ ತರುಬಿದ್ದರು. ಅವು ಹೋದ ಹಿಂದೆಯೇ ನಮ್ಮ ಮರಿಗಳು ಕೆಮ್ಮತೊಡಗಿದವು. ಶಿರಹಟ್ಟಿಯಿಂದ ದನದ ಡಾಕ್ಟರು ಬಂದರು, ಹೆಣ್ಣುಮಗಳು, ಬಾಗಲಕೋಟಿ ಕಡೆಯವರು. "ಇದು ಕಣ್ಣಿಗೆ ಕಾಣದ ವೈರಸ್ ಐತ್ರಿ. ಸಿಂಬಳ, ಹಿಕ್ಕಿ, ಕುಡಿಯೋ ನೀರು, ಎಲ್ಲಾದ್ರಾಗೂ ಇರತೈತಿ. ಕುರಿಯಿಂದ ಆಡಿಗೆ ಹತ್ತತೈತಿ, ಚಿಗರಿಗೂ ಹತ್ತತೈತಿ. ನಿಮ್ಮ ಕುರಿಗಾದ್ರ ನಾ ಸೂಜಿ ಹಾಕೇನು, ಚಿಗರಿಗೆ ಯಾರು ಹಾಕ್ತಾರ?" ಎಂದರು. ನಾನು ಅಂಜುತ್ತಲೇ ಕೇಳಿದೆ, "ಮೇಡಮ್ಮರ, ಗುಡ್ಡದ ಕಡೆ ಒಂದ ಒಂದು ಮರಿ ಬಿಟ್ಟು ಬಂದರ?" ಅವರು ಕೈ ತೊಳೆಯುವುದನ್ನು ನಿಲ್ಲಿಸಿದರು. "ಬ್ಯಾನಿ ಕೈಹಿಡದು ಚಿಗರಿ ಮನಿ ಮುಟ್ಟಿಸಿ ಬಂದಂಗ ಆತು." ನನಗೆ ಹಳ್ಳದ ದಂಡೆಯ ಆ ಎರಡು...

ಫಕೀರವ್ವ ಕಾಕಿ ಅಷ್ಟರಲ್ಲಿ ಭಂಡಾರ ಕಲಸಿ ಇಟ್ಟಿದ್ದಳು. "ನಿಮ್ಮ ಕಾಕಾ ಹೋದ ಮ್ಯಾಲ ಅವರ ಕುರಿ ಕಾಯಾಂವ ನೀ. ಮರಿ ಹೊರಾಂವನೂ ನೀನ."

"ಆಗೂದಿಲ್ಲ ಕಾಕಿ. ಚಿಗರಿ ಸಾಯ್ತಾವು."

"ಚಿಗರಿ ಏನು ನಿನ್ನ ಬೀಗರೇನು?"

ಆಗ ಹಳ್ಳದ ದಂಡೆಯ ಸುದ್ದಿ ಹೇಳಿದೆ. ಅವಳು ಭಂಡಾರದ ತಟ್ಟೆ ಕೆಳಗಿಟ್ಟಳು. "ಅಂದ್ರ ನಿಮ್ಮ ಕಾಕಾನ..." ಎಂದವಳು ಅಷ್ಟಕ್ಕೇ ಬಿಟ್ಟಳು. ಆ ಅರ್ಧ ಮಾತಿನಿಂದಲೇ ಈ ಪತ್ರ ಬರೆಯುವಂತಾಯಿತು. ನೀನು ತಿಳಿದು ಮಾಡಿದವನಲ್ಲ. ಚಿಗರಿ ಮರಿ ಹಾಕುವ ಕಡೆ ಕುರಿ ಹೊಡೆದೆನೆಂದು ನನ್ನ ಬೆನ್ನಿಗೆ ಬಾರಿಸಿದವನು ನೀನು. ನಿನಗೆ ಗೊತ್ತಿದ್ದರೆ ಆ ಕಲ್ಲು ದಾಟುತ್ತಿದ್ದೆಯಾ? ಇದನ್ನೇ ಕಾಕಿಗೂ ಹೇಳಿದೆ. ಕೇಳಿಸಿಕೊಂಡಳು, ಮಾತು ಬಿಟ್ಟಳು.

ಮಾತು ಬಿಟ್ಟವಳು ಒಂದು ಬೆಳಿಗ್ಗೆ ತಾನೇ ಜೋಳದ ಹಿಟ್ಟಿನಲ್ಲಿ ಮರಿ ಮಾಡಿ ಮೊರದಲ್ಲಿಟ್ಟುಕೊಂಡು ಬಂದಳು. "ದುರಗವ್ವಗ ಜೀವ ಇದ್ದದ್ದ ಬೇಕಂತ ಯಾರು ಹೇಳ್ಯಾರ?" ಅದರ ಕಿವಿಗಳು ಬಹಳ ಉದ್ದವಾಗಿದ್ದವು. ಬೀಬೀಜಾನ ಬಗ್ಗಿ ನೋಡಿ, "ಕಾಕಿ, ಇದು ಕುರಿಮರಿನೋ ಕತ್ತಿಮರಿನೋ?" ಎಂದಳು. "ಅಕಿಗೆ ಗುರತು ಸಿಗತೈತಿ, ನೀ ಸುಮ್ನಿರು" ಎಂದು ಕಾಕಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಹಿಟ್ಟಿನ ಮರಿಯನ್ನು ಹೊತ್ತು ಗಡಿಕಲ್ಲಿನ ಈಚೆಗೇ ಇಟ್ಟು ಬಂದೆ, ಹೊಳ್ಳಿ ನೋಡಲಿಲ್ಲ. ಸತ್ತ ಕುರಿಗಳನ್ನು ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಹೂತೆವು. ಉಳಿದವು ಮೇವು ಮುಟ್ಟುತ್ತಿವೆ. ಅವುಗಳಿಗೆ ಹಟ್ಟಿಯಲ್ಲೇ ನೀರು, ಹಳ್ಳಕ್ಕೆ ಇಳಿಸುವುದಿಲ್ಲ. ಹಳ್ಳದ ನೀರು ಚಿಗರಿಗಳಿಗಿರಲಿ. ನಿನ್ನೆ ಸಂಜೆ ಅವು ಗುಡ್ಡದ ಅಡಿಯಲ್ಲಿ ಮೇಯುತ್ತಿದ್ದವು, ಒಂದರ ಹಿಂದೆ ಸಣ್ಣ ಮರಿಯೂ ಇತ್ತು. ಅಷ್ಟು ದೂರದಿಂದ ಮೂಗು ಕಾಣುವುದಿಲ್ಲ, ಆದರೂ ಕತ್ತಲಾಗುವ ತನಕ ನೋಡಿದೆ.

ಒಂದೇ ಒಂದು ಅನುಮಾನ ಉಳಿದಿದೆ ಕಾಕಾ. ಹಿಟ್ಟಿನ ಮರಿ ಮಾಡಿದ ಬೆಳಿಗ್ಗೆಯೇ ಕಾಕಿ ಬೇನೆ ಬಿದ್ದ ಮರಿಯ ಮೂಗನ್ನು ಬರಿಗೈಯಿಂದ ಒರೆಸಿದ್ದು ನಾನು ಕಂಡಿದ್ದೇನೆ. ಮರುದಿನ ನೋಡಿದರೆ ಹಿಟ್ಟಿನ ಮರಿ ಅಲ್ಲಿರಲಿಲ್ಲ, ಯಾವುದೋ ಪ್ರಾಣಿ ತಿಂದಿತ್ತು, ಚಿಗರಿಯೋ ಏನೋ. ಬಿಸಿಲಿಗೆ ವೈರಸ್ ಬಹಳ ಹೊತ್ತು ತಾಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕಾಕಿಯೂ "ಸಾಬಾಣ ಹಚ್ಚಿ ತೊಳದೇನೋ ಮಾರಾಯಾ" ಎನ್ನುತ್ತಾಳೆ. ಮತ್ತೆ ಕೇಳಿದರೆ ಬೈಯುತ್ತಾಳೆ. ನಿನ್ನ ಹತ್ತಿರ ಅವಳು ಏನನ್ನೂ ಮುಚ್ಚಿಟ್ಟವಳಲ್ಲ. ಸಂಜೆ ದೀಪ ಹಚ್ಚಿ ನಿನ್ನ ಫೋಟೋದ ಮುಂದೆ ಮಾತಿಗೆ ಕೂರುತ್ತಾಳಲ್ಲ, ಆಗ ನೀನೇ ಇನ್ನೊಂದು ಸಲ ಕೇಳಿ ನೋಡು. ಕೈ ತೊಳೆದದ್ದು ಹಿಟ್ಟು ಕಲಸುವ ಮೊದಲೋ, ಕಲಸಿದ ಮೇಲೋ?

ನಿನ್ನ
ದಾವಲ್ಯಾ