ಕಸ್ತೂರಿಯ ತೂಕ

ಮೇಡ್ಲೇರಿ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಧನಾ,

ನಿನ್ನ ಅಕ್ಕ ನಿರ್ಮಲಾ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ ಎಂದು ಬರೆದು ಮುಂದಕ್ಕೆ ಹೋಗಬಹುದಿತ್ತು. ನಮ್ಮ ಮನೆಯವರು ಆರಾಮ ಇದ್ದಾರೆ, ಹೊಲ ಗದ್ದೆ ಚೆನ್ನಾಗಿವೆ. ನಾನು ಮಾತ್ರ ಅಷ್ಟು ಆರಾಮ ಇಲ್ಲ. ಇದನ್ನು ಫೋನಿನಲ್ಲಿ ಹೇಳಲು ಹೊರಟಾಗಲೆಲ್ಲ ನೀನು "ಅಕ್ಕಾ" ಅನ್ನುತ್ತಲೇ ನನ್ನ ಮಾತು ಬೇರೆ ದಾರಿ ಹಿಡಿಯುತ್ತದೆ. ಕಾಗದದಲ್ಲಿ ನಡುವೆ ನಿನ್ನ ದನಿ ಇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಸ್ತೂರಿಯನ್ನು ಮನೆಗೆ ಕರೆದುಕೊಂಡು ಹೋಗಲು ಯಾವಾಗ ಗಾಡಿ ತರುತ್ತೀ ಎಂದು ಕೇಳಿದ್ದೀಯ. ಉತ್ತರ ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದದ್ದು ಬಹಳ ಇದೆ.

ಅಪ್ಪ ಪುಣೆಯ ಕಡೆಯಿಂದ ಆ ಹೆಣ್ಣು ಕುದುರೆ ಮರಿಯನ್ನು ತಂದಾಗ ನೀನು ಮದುವೆಯಾಗಿ ಬ್ಯಾಡಗಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ತಾಯಿ ನಮ್ಮ ದೇಶದ ಕುದುರೆ, ತಂದೆ ಪರದೇಶದಲ್ಲಿ ಭಾರದ ಗಾಡಿ ಎಳೆಯುವ ಜಾತಿ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅವಳು ಬೆಳೆದ ಬಗೆ ನೋಡಿ ಊರೇ ಬೆರಗಾಯಿತು. ಒಂದೊಂದು ಗೊರಸು ಜೋಳದ ರೊಟ್ಟಿಯಷ್ಟು ಅಗಲ. ಗುತ್ತಲದಿಂದ ಜನ ಬಸ್ಸು ಹತ್ತಿ ಬಂದು ನೋಡಿ ಹೋಗುತ್ತಿದ್ದರು. ಬಂದವರ ಮುಂದೆ ಅಪ್ಪ ಅವಳ ಬೆನ್ನು ತಟ್ಟಿ, "ನೋಡ್ರಿ, ಮೈ ಹೆಂಗ ತುಂಬೇತಿ" ಎನ್ನುವಾಗ ಅವರ ಮುಖ ನೋಡಬೇಕಿತ್ತು. ಮೈ ತುಂಬಿದಷ್ಟೂ ಮರ್ಯಾದೆ ಎಂದೇ ಅವರ ಲೆಕ್ಕ.

ಅಪ್ಪನ ಕೈಕಾಲು ಸೋತ ಮೇಲೆ ಕಸ್ತೂರಿ ನನ್ನ ಪಾಲಿಗೆ ಬಂದಳು. ಲದ್ದಿ ತೆಗೆಯುವುದು, ಮೈ ತಿಕ್ಕುವುದು, ನೀರು, ಹುಲ್ಲು ಎಲ್ಲ ನಾನೇ. ಒಮ್ಮೆ ರಾಣೆಬೆನ್ನೂರಿನಿಂದ ಡಾಕ್ಟರ್ ನಯಾಜ ಬಂದವರು ನನ್ನ ಕೈಯನ್ನು ಅವಳ ಪಕ್ಕೆಯ ಮೇಲೆ ಇಡಿಸಿದರು. "ಎಲುಬು ಸಿಗತಾವೇನ್ರಿ?" ಎಂದು ಕೇಳಿದರು. ನಾನು ಒತ್ತಿ ನೋಡಿದೆ. ಏನೂ ಸಿಗಲಿಲ್ಲ, ಹಾಸಿಗೆ ಮುಟ್ಟಿದ ಹಾಗಿತ್ತು. "ಕಣ್ಣಿಗೆ ಕಾಣಬಾರದು, ಆದ್ರ ಕೈಗೆ ಸಿಗಬೇಕು. ಈ ಜಾತಿ ಕುದುರಿಗೆ ಸ್ವಲ್ಪ ತಿಂದ್ರೂ ಮೈಗೆ ಹತ್ತತೈತಿ. ನೀವು ಕೈ ಬಿಗಿ ಹಿಡೀಬೇಕ್ರಿ ಅಕ್ಕಾರ" ಎಂದರು. ಆ ದಿನದಿಂದ ನಾನು ಕೈ ಬಿಗಿ ಹಿಡಿದೆ. ಹುರಳಿ ನಿಲ್ಲಿಸಿದೆ, ಗೋವಿನಜೋಳ ನಿಲ್ಲಿಸಿದೆ, ಕಾಲುವೆ ದಂಡೆಯ ಹಸಿ ಹುಲ್ಲಿಗೆ ಬಿಡುವುದನ್ನು ನಿಲ್ಲಿಸಿದೆ. ಜೋಳದ ದಂಟಿನ ಕಣಿಕೆಯನ್ನೂ ಅಳೆದು ಹಾಕಿದೆ. ನಾನು ಕೊಟ್ಟಿಗೆಗೆ ಹೋದರೆ ಅವಳು ಮೊದಲು ನನ್ನ ಕೈ ನೋಡುತ್ತಿದ್ದಳು, ಆಮೇಲೆ ಮುಖ ತಿರುಗಿಸುತ್ತಿದ್ದಳು.

ನೀನು ತಿಂಗಳಿಗೊಮ್ಮೆ ಬರುತ್ತಿದ್ದೆ, ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು. ನಿನ್ನ ಕಾರು ಕಾಲುವೆ ತಿರುವಿಗೆ ಬಂದರೆ ಸಾಕು, ಅವಳು ಕೊಟ್ಟಿಗೆಯ ಬಾಗಿಲು ಒದೆಯುತ್ತಿದ್ದಳು. ಅಪ್ಪ ಮಂಚದ ಮೇಲಿಂದಲೇ ನಕ್ಕು, "ಧನಾ ಬಂದ್ಲು ಅಂತ ಕಸ್ತೂರಿಗೂ ಗೊತ್ತಾತು ನೋಡು" ಎಂದು ನನಗೇ ಹೇಳುತ್ತಿದ್ದರು. ಮದುವೆಯಾದ ಮೇಲೂ ಅಪ್ಪನ ಮನೆಯಲ್ಲೇ ಉಳಿದ ನಾನು ಎಲ್ಲಿಗೂ ಹೋಗಿರಲಿಲ್ಲ, ಹಾಗಾಗಿ ನಾನು ಬಂದ ಸಂಭ್ರಮ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನೀನು ಹೊರಟ ಮೇಲೆ ಎರಡು ದಿನ ಅವಳು ನಾನು ಹಾಕಿದ ಹುಲ್ಲನ್ನು ಮೂಸಿ ಬಿಡುತ್ತಿದ್ದಳು.

ಅವಳಿಗೆ ಬೇಕಾದದ್ದು ಬೆಲ್ಲ, ಧನಾ ಅಲ್ಲ ಎಂದು ನಾನು ನನಗೆ ಹೇಳಿಕೊಂಡೆ. ಅಪ್ಪ ಹೋದ ಮೇಲೂ ಅದನ್ನೇ ಹೇಳಿಕೊಂಡು ಬದುಕಿದೆ. ಆ ಮಾತು ನನಗೆ ಎಷ್ಟು ಆಸರೆಯಾಗಿತ್ತು ಎಂದು ಈಗ ಅದು ಕೈಬಿಟ್ಟ ಮೇಲೆ ತಿಳಿಯುತ್ತಿದೆ.

ನಿನ್ನ ಮಗ ನಂದನನ ಮದುವೆಗೆ ಕಸ್ತೂರಿಯನ್ನು ಕಳಿಸು, ಬ್ಯಾಂಡಿನ ಸಪ್ಪಳ ರೂಢಿಯಾಗಲಿ, ಒಂದು ತಿಂಗಳು ಮೊದಲೇ ಬರಲಿ ಎಂದು ನೀನು ಕೇಳಿದೆ. ನನಗೆ ಮನಸ್ಸಿರಲಿಲ್ಲ. ಮದುಮಗನಾಗುವ ಹುಡುಗ ಅಜ್ಜನ ಕುದುರೆಯ ಮೇಲೆ ಕೂತು ಹೋಗಲಿ ಎಂದು ನಮ್ಮ ಮನೆಯವರು ಹೇಳಿದ್ದಕ್ಕೆ ಒಪ್ಪಿದೆ. ಏನು ಹಾಕಬೇಕು, ಏನು ಹಾಕಬಾರದು ಎಂದು ಗಾಡಿ ಹತ್ತಿಸುವಾಗಲೂ ನಿನಗೆ ಹೇಳಿದೆ. ನೀನು "ಹೂಂ ಅಕ್ಕಾ, ಹೂಂ ಅಕ್ಕಾ" ಅಂದೆ. ಆದರೆ ಮದುವೆ ಮನೆ. ನಿನ್ನ ಅತ್ತೆ ಹುರಳಿ ಬೇಯಿಸಿ ಹಾಕಿದರು, ಬಂದ ಬೀಗರು ಬೂಂದಿ ಉಂಡೆ ತಿನ್ನಿಸಿದರು, ನೀನು ಬೆಲ್ಲ ಕೊಟ್ಟೆ. ಮೆರವಣಿಗೆಯ ದಿನ ಅವಳ ಮೈ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಕುತ್ತಿಗೆಯ ಮೇಲ್ಭಾಗ ದಪ್ಪಗೆ ಗಟ್ಟಿಯಾಗಿತ್ತು. ಅದು ಕೇಡಿನ ಗುರುತೆಂದು ನನಗೆ ಗೊತ್ತಿತ್ತು, ಆ ಗದ್ದಲದಲ್ಲಿ ಯಾರಿಗೆ ಹೇಳಲಿ? ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು, "ಧನಕ್ಕನ ಕುದುರಿ ಆನಿ ಇದ್ದಂಗೈತಿ" ಎಂದಳು. ನಾನು ಅವಳನ್ನು ತಿದ್ದಲಿಲ್ಲ.

ಮದುವೆಯಾಗಿ ಒಂದು ವಾರಕ್ಕೆ ನಿನ್ನ ಫೋನು ಬಂತು. "ಅಕ್ಕಾ, ಕಸ್ತೂರಿ ಹೆಜ್ಜಿ ಕೀಳವಲ್ಲಳು." ನಾನು ಡಾಕ್ಟರನ್ನು ಕರೆದುಕೊಂಡೇ ಬಂದೆ. ಅವಳು ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಳು. ಗೊರಸು ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು.

"ಇದು ಕಾಲಿನ ಬ್ಯಾನಿ ಅಲ್ರಿ, ಹೊಟ್ಟಿಯಿಂದ ಕಾಲಿಗೆ ಇಳದದ್ದು" ಎಂದರು ನಯಾಜ. "ಮೊದಲs ಮೈಯಾಗ ಕೊಬ್ಬು, ಅದರ ಮ್ಯಾಲೆ ಕಾಳು, ಬೆಲ್ಲ. ಗೊರಸಿನ ಒಳಗ ಉರಿ ಬಿದ್ದೈತಿ. ಇಷ್ಟು ದೊಡ್ಡ ಮೈ ಹೊರೋದು ಆ ನಾಕು ಗೊರಸs ಅಲ್ಲೇನ್ರಿ?"

"ಬದುಕತಾಳೇನ್ರಿ?" ಎಂದು ಕೇಳಿದವಳು ನೀನು.

"ಒಳಗಿನ ಎಲುಬು ಕೆಳಗ ಸರೀಲಿಲ್ಲಂದ್ರ ಬದುಕತಾಳ. ಮೈ ಇಳಸಬೇಕು. ಹಂಗಂತ ಒಮ್ಮೆಲೆ ಉಪವಾಸ ಕೆಡವಬ್ಯಾಡ್ರಿ, ಅದೂ ಜೀವಕ್ಕ ಬರ್ತೈತಿ. ಸಾವಕಾಶ ಇಳಸಬೇಕು. ಗಾಡಿ ಹತ್ತಸೂ ಮಾತು ಈಗ ಬ್ಯಾಡ."

ಹಾಗಾಗಿ ಅವಳು ನಿನ್ನಲ್ಲೇ ಉಳಿದಳು. ಆಗ ನಾನು ಅಂಗಳದಲ್ಲಿ, ನಿನ್ನ ಗಂಡ ಗಂಗಾಧರ, ನಿನ್ನ ಅತ್ತೆ, ಹೊಸ ಸೊಸೆ ಎಲ್ಲರ ಎದುರು, "ನಿನ್ನ ಪ್ರೀತಿನs ಅಕಿನ್ನ ತಿಂದು ಹಾಕಾಕತ್ತೈತಿ" ಎಂದೆ. ನೀನು ಅಳತೊಡಗಿದೆ. ನನ್ನೊಳಗೆ ಏನೋ ಒಂದು ತಣ್ಣಗಾಯಿತು. ಯಾರ ಪ್ರೀತಿ ಸರಿ, ಯಾರದು ತಪ್ಪು ಎಂದು ಇಷ್ಟು ವರ್ಷಕ್ಕೆ ಎಲ್ಲರಿಗೂ ಕಾಣುವಂತಾಯಿತಲ್ಲ ಎನ್ನಿಸಿತು. ಅಂದು ಬಸ್ಸು ಹತ್ತಿದವಳು ಮತ್ತೆ ನಿನ್ನ ಮನೆಯ ಮೆಟ್ಟಿಲು ತುಳಿಯಲಿಲ್ಲ. ಏನೇ ಇದ್ದರೂ ಫೋನಿನಲ್ಲೇ ಹೇಳಿದೆ.

ಹೇಳುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಗೊತ್ತೇನು? ಒಣ ಹುಲ್ಲನ್ನು ನೀರಲ್ಲಿ ನೆನೆಸಿ, ಸಿಹಿ ತೊಳೆದು ಹೋದ ಮೇಲೆ ಬಸಿದು ಹಾಕು ಎಂದೆ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ತೂಗುಹಾಕು, ಒಂದೊಂದೇ ಎಳೆ ಎಳೆದು ತಿನ್ನಲಿ ಎಂದೆ. ಕಾಳು ಬೇಡ, ಬೆಲ್ಲದ ಹೆಸರೂ ಬೇಡ, ಕಾಲ ಕೆಳಗೆ ದಪ್ಪಗೆ ಮರಳು ಹಾಸು ಎಂದೆ. ಎಲ್ಲ ಅವಳ ಒಳ್ಳೆಯದಕ್ಕೇ. ಆದರೆ ಜೊತೆಗೆ ಇನ್ನೊಂದು ಆಸೆಯೂ ಇತ್ತು. ಇನ್ನು ಕೈ ಬಿಗಿ ಹಿಡಿಯುವವಳು ಧನಾ. ಇನ್ನು ಅವಳು ನಿನ್ನ ಕೈ ನೋಡಿ ಮುಖ ತಿರುಗಿಸುತ್ತಾಳೆ. ನನಗೆ ಏನಾಗುತ್ತಿತ್ತು ಎಂದು ಆಗ ನಿನಗೆ ಗೊತ್ತಾಗುತ್ತದೆ. ನಾನು ಅದನ್ನೇ ಕಾಯುತ್ತಿದ್ದೆ.

ನೀನು ಸೋಲಲಿಲ್ಲ. ಬೆಳಗಾದರೆ ಬಕೆಟ್ಟುಗಟ್ಟಲೆ ನೀರು ಹೊತ್ತೆ. ನಿನ್ನ ಅತ್ತೆ ಮುಚ್ಚಿಟ್ಟುಕೊಂಡು ತಂದ ಕಡಕ್ ರೊಟ್ಟಿಯನ್ನು ಕೈಯಿಂದ ಕಸಿದು ಅವರ ಹತ್ತಿರ ಬೈಸಿಕೊಂಡೆ. ಅವಳು ನಡೆಯುವಂತಾದ ಮೇಲೆ ಮೆಣಸಿನಕಾಯಿ ಲಾರಿ ತೂಗುವ ಕಾಟಾದ ಮೇಲೆ ಅವಳನ್ನು ನಿಲ್ಲಿಸಿ ತೂಗಿಸಿದೆ. ಮೆಣಸಿನಕಾಯಿ ಘಾಟಿಗೆ ಅವಳು ಸೀನಿದಳು ಎಂದು ನೀನು ನಗುತ್ತ ಹೇಳಿದೆ. ಪ್ರತಿ ಸಲವೂ ತೂಕ ಸ್ವಲ್ಪ ಇಳಿದಿರುತ್ತಿತ್ತು.

ದಸರೆ ಹೊತ್ತಿಗೆ ನಯಾಜ ನಮ್ಮ ಎಮ್ಮೆ ನೋಡಲು ಮೇಡ್ಲೇರಿಗೆ ಬಂದಿದ್ದರು. "ನಿಮ್ಮ ತಂಗಿಯವರು ಭಾಳ ಚಂದ ಸಂಭಾಳಿಸ್ಯಾರ್ರಿ" ಎಂದರು.

"ಖರೇನ್ರಿ?" ಎಂದೆ.

"ಖರೇರಿ. ಪಕ್ಕಡಿ ಎಲುಬು ಕೈಗೆ ಸಿಗಾಕತ್ತಾವು."

"ಕಸ್ತೂರಿ ಅಕಿ ಮ್ಯಾಲೆ ಸಿಟ್ಟಾಗಿಲ್ಲೇನ್ರಿ? ಏನೂ ಕೊಡೂದಿಲ್ಲಲ್ಲ ಅಕಿ?"

ಅವರು ನಕ್ಕರು. "ಎಲ್ಲೀ ಸಿಟ್ರಿ. ಬೆನ್ನ ಹಿಂದಿಂದs ಅಡ್ಡಾಡತೈತಿ."

ಚಹಾ ಮಾಡಿ ತರುತ್ತೇನೆ ಎಂದು ಒಳಗೆ ಹೋದವಳು ಒಲೆಯ ಮುಂದೆ ಸುಮ್ಮನೆ ನಿಂತೆ. ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಧನಾ, ಅವಳು ಬದುಕಬೇಕು ಎಂದು ನಾನು ದೇವರಿಗೆ ಹರಕೆ ಹೊತ್ತಿದ್ದೆ. ಅವಳು ನಿನ್ನ ಕೈಯಿಂದ ಬದುಕುವುದು ಬೇಡ ಎಂದೂ ಅನ್ನಿಸುತ್ತಿತ್ತು. ಇವೆರಡೂ ಒಂದೇ ಎದೆಯಲ್ಲಿ ಹೇಗಿದ್ದವೋ, ನನಗೆ ತಿಳಿಯದು. ಇದ್ದವು ಎಂಬುದು ಮಾತ್ರ ನಿಜ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಗಾಡಿ ತರುವುದಿಲ್ಲ. ಕಸ್ತೂರಿ ನಿನ್ನಲ್ಲೇ ಇರಲಿ. ಒಂದೆರಡು ತಿಂಗಳಿಗಲ್ಲ, ಕೊನೆಯವರೆಗೂ ಇರಲಿ. ಕೆಟ್ಟ ಗೊರಸು ಪೂರ್ತಿ ಬೆಳೆದು ಹೋಗಿ ಹೊಸದು ಬರಲು ಇನ್ನೂ ಕಾಲ ಬೇಕು. ಈ ರಸ್ತೆಗಳಲ್ಲಿ ಗಾಡಿಯ ಕುಲುಕಾಟ ಅವಳಿಗೆ ಆಗದು. ಇಲ್ಲಿ ಕಾಲಿಟ್ಟಲ್ಲೆಲ್ಲ ಹಸಿರು. ಅಂಗಳದ ತುಂಬ ಗೋವಿನಜೋಳದ ತೆನೆ ಬಿದ್ದಿದೆ, ನಮ್ಮ ಮನೆಯವರಿಗೆ ಯಾವ ಪ್ರಾಣಿ ಬಾಯಿ ಮುಂದೆ ಮಾಡಿದರೂ ಇಲ್ಲ ಎನ್ನಲು ಬಾರದು. ನಿಮ್ಮ ಅಂಗಳ ಬೋಳು, ಅದೇ ಅವಳಿಗೆ ಒಳ್ಳೆಯದು. ಕೊಟ್ಟಿಗೆಯಲ್ಲಿ ಅವಳ ಜಾಗದಲ್ಲಿ ಜೋಳದ ಚೀಲ ಇಡಿಸಿದ್ದೇನೆ. ಇನ್ನು ಅಲ್ಲಿ ಜಾಗವೂ ಇಲ್ಲ.

ತೆಳ್ಳಗಾದಳೆಂದು ಮೈಮರೆಯಬೇಡ. ವಾರಕ್ಕೊಮ್ಮೆ ಎದೆಯ ಸುತ್ತ ಟೇಪು ಹಿಡಿ. ಚಳಿ ಎಂದು ಮರುಗಿ ಒಂದು ಹಿಡಿ ಹೆಚ್ಚು ಹಾಕಬೇಡ. ಸಂಕ್ರಾಂತಿಗೆ ಯಾರಾದರೂ ಕಬ್ಬು ತಂದರೆ ಹೊರಗಿನಿಂದಲೇ ಕಳಿಸು. ದಿನಾ ನಡೆಸು, ಆದರೆ ಕಲ್ಲಿನ ಮೇಲೆ ಬೇಡ. ಮೈ ಇಳಿಸುವುದಕ್ಕಿಂತ ಇಳಿದದ್ದನ್ನು ಹಾಗೇ ಉಳಿಸುವುದು ಕಷ್ಟ. ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ, ನಿನಗೆ ಈಗ ನನಗಿಂತ ಚೆನ್ನಾಗಿ ಗೊತ್ತು. ಆದರೂ ಹೇಳಿದೆ. ಹೇಳದಿದ್ದರೆ ಅವಳಿಗಾಗಿ ಮಾಡಲು ನನಗೆ ಬೇರೇನೂ ಉಳಿಯುವುದಿಲ್ಲ.

ಗಂಗಾಧರನಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ. ನಂದನನಿಗೂ ಸೊಸೆಗೂ ಆಶೀರ್ವಾದ.

ನಿನ್ನ ಅಕ್ಕ,
ನಿರ್ಮಲಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡು ಸಹಿ ಹಾಕಿದ್ದೆ. ಕಳೆದ ಗುರುವಾರ ರಾಣೆಬೆನ್ನೂರಿನಲ್ಲಿ ಬಟ್ಟೆ ತರುತ್ತೇನೆ ಎಂದು ಮನೆಯಲ್ಲಿ ಹೇಳಿ ಬ್ಯಾಡಗಿಗೆ ಬಂದಿದ್ದೆ. ಕದರಮಂಡಲಗಿ ರಸ್ತೆಯಲ್ಲಿ, ನೀನು ಅವಳನ್ನು ನಡೆಸುವ ಕಡೆ, ಹುಣಸೆ ಮರದ ಹಿಂದೆ ನಿಂತಿದ್ದೆ. ನೀವಿಬ್ಬರೂ ಬಂದಿರಿ. ನಿನ್ನ ಕೈಯಲ್ಲಿ ಏನೂ ಇರಲಿಲ್ಲ, ಹಗ್ಗ ಕೂಡ ಸಡಿಲವಾಗಿ ನೇತಾಡುತ್ತಿತ್ತು. ನಾನು ಮೆಲ್ಲಗೆ ಅವಳ ಹೆಸರು ಹಿಡಿದು ಕರೆದೆ. ಅವಳು ನಿಂತಳು, ಕಿವಿ ನಿಮಿರಿಸಿ ನೇರ ನನ್ನನ್ನೇ ನೋಡಿದಳು. ಗುರುತು ಹಿಡಿದಳು, ನನಗೆ ಸಂಶಯವಿಲ್ಲ. ಆಮೇಲೆ ಕುತ್ತಿಗೆ ತಿರುಗಿಸಿ ನಿನ್ನ ಹೆಗಲಿಗೆ ಮುಖ ಒರಗಿಸಿದಳು. ನೀನು, "ಏನಾತು ನಿನಗ, ನಡಿ" ಎಂದೆ. ಇಬ್ಬರೂ ಹೋದಿರಿ. ಗೊರಸಿನದು, ಜೋಳದ್ದು ಎಂದು ಮೇಲೆ ಬರೆದದ್ದೆಲ್ಲ ಸುಳ್ಳಲ್ಲ. ಆದರೆ ನಾನು ಗಾಡಿ ತರದಿರುವುದು ಅದಕ್ಕಲ್ಲ. ಇನ್ನೊಂದು ಮಾತು. ಪ್ರತಿ ಸಲ ಫೋನು ಇಡುವಾಗ, "ಕಸ್ತೂರಿ ನಿನ್ನ ಹುಡುಕತಾಳಕ್ಕಾ" ಎನ್ನುತ್ತೀಯಲ್ಲ, ಅದನ್ನು ಇನ್ನು ಅನ್ನಬೇಡ. ಅದು ನೀನು ನನ್ನ ಮೇಲಿನ ಪ್ರೀತಿಗೆ ಹೇಳುವ ಸುಳ್ಳು, ಅದಕ್ಕೇ ನನಗೆ ತಡೆಯಲಾಗುವುದಿಲ್ಲ. ಅವಳು ಅಂದು ಎಷ್ಟು ತಿಂದಳು, ಎಷ್ಟು ನಡೆದಳು ಎಂದಷ್ಟೇ ಹೇಳು.