ಅತ್ತೆಯ ಅವರೆ ಬೀಜ

ಹರವೆ
ಜೂನ್ ೧೨

ಚೈತ್ರ ಮೇಡಂ ಅವರಿಗೆ ಮಧುಶ್ರೀ ಮಾಡುವ ನಮಸ್ಕಾರ.

ನಮ್ಮ ಅತ್ತೆ ಗಂಗಾಂಬಿಕೆ ಹೋದ ತಿಂಗಳು ತೀರಿಕೊಂಡರು. ನಿಮಗೆ ತಿಳಿಸಲಾಗಲಿಲ್ಲ, ಕ್ಷಮಿಸಿ. ಬೆಳೆದು, ಬೇಳೆ ಮಾಡಿ ಮಾರಲು ನಮ್ಮ ಸಂಘದ ಹನ್ನೆರಡು ಹೆಂಗಸರಿಗೆ ಅವರು ಈ ಮುಂಗಾರಿಗೆ ಕೊಡುತ್ತೇನೆಂದಿದ್ದ ನಾಟಿ ಅವರೆ ಬೀಜ ಈಗ ಇಲ್ಲ. ವರ್ಷ ವರ್ಷವೂ ಬಿತ್ತಿ, ಬೂದಿ ಬೆರೆಸಿ, ಮಡಕೆಯಲ್ಲಿ ಕಾಪಾಡಿಕೊಂಡು ಬಂದಿದ್ದರು. ಅವರ ಹನ್ನೊಂದನೇ ದಿನದ ಊಟಕ್ಕೆ ಅಡುಗೆಯವರು ಅದನ್ನೇ ತೊಳೆದು ಬೇಯಿಸಿಬಿಟ್ಟರು. ಸಾರಿನ ವಾಸನೆ ಬಂದಾಗಲೇ ನನಗೆ ಗೊತ್ತಾಯಿತು. ಉಂಡವರು, "ಏನ್ ರುಚಿ ಕಣಮ್ಮಿ, ಈ ಕಾಳ ಎಲ್ಲಿಂದ ತರ್ಸುದ್ರಿ?" ಎಂದು ಕೇಳಿದರು. ನಾನು ಬಡಿಸುತ್ತಲೇ ಇದ್ದೆ.

ಗುಂಡ್ಲುಪೇಟೆಯ ನಿಮ್ಮ ಬೀಜ ಕೇಂದ್ರದಲ್ಲಿ ಇಡಲು ಹೋದ ವರ್ಷ ಅತ್ತೆ ಒಂದು ಹಿಡಿ ಕೊಟ್ಟಿದ್ದರಲ್ಲ, ಅದರಲ್ಲಿ ಹತ್ತು ಕಾಳು ಉಳಿದಿದ್ದರೂ ಕಳಿಸಿಕೊಡಿ. ಹಿತ್ತಿಲಲ್ಲಿ ಬಿತ್ತಿ ಹೆಚ್ಚು ಮಾಡುತ್ತೇನೆ. ಎರಡು ವರ್ಷವಾದರೂ ಕಾಯುತ್ತೇವೆ ಎಂದು ಸಂಘದವರು ಹೇಳಿದ್ದಾರೆ.

ಮಡಕೆ ಕೊಟ್ಟವರು ಯಾರೆಂದು ಇದುವರೆಗೂ ಯಾರೂ ಕೇಳಿಲ್ಲ. ಅಡುಗೆಯವರು, "ಕಾಳು ಎಲ್ಲದವ್ವ?" ಎಂದಾಗ ಅಳುತ್ತಲೇ ಅಟ್ಟದಿಂದ ಇಳಿಸಿಕೊಟ್ಟವಳು ನಾನು. ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ಇಂತಿ,
ಮಧುಶ್ರೀ