ಕತ್ತರಿ ಕೆಳಗಿಟ್ಟು ಕೇಳುವುದು

ಜೂನ್ ೧೪, ಬುಧವಾರ
ಅಂಗಡಿಯಿಂದ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಬಣ್ಣದ ಡಬ್ಬಿ,

ಈ ಹೆಸರಿಂದ ನಿನ್ನನ್ನು ಕರೆದು ಹದಿನಾಲ್ಕು ತಿಂಗಳಾಯಿತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಚಿಲ್ಟು ನಮ್ಮನ್ನೆಲ್ಲ ಬಿಟ್ಟುಹೋದ ಒಂದೇ ತಿಂಗಳಿಗೆ ನೀವಿಬ್ಬರೂ ಊರು ಬಿಟ್ಟಿರಿ. ಅಲ್ಲಿಂದ ಇಲ್ಲಿಯವರೆಗೆ ಏಳು ಸಲ ಬರೆಯಲು ಕೂತಿದ್ದೇನೆ. ಏಳು ಸಲವೂ 'ನಾವು ಕ್ಷೇಮ' ಅನ್ನುವಲ್ಲಿಗೆ ಬಂದು ಪೆನ್ನು ನಿಂತುಬಿಟ್ಟಿತು. ನನ್ನ ನಾಲಿಗೆಗಿರುವ ಜೋರು ಕೈಗಿಲ್ಲ ಅನ್ನುವುದು ನಿನಗೆ ಗೊತ್ತೇ ಇದೆ. ಶಾಲೆಯಲ್ಲಿ ನನ್ನ ರಜಾಚೀಟಿಗಳನ್ನೆಲ್ಲ ಬರೆದುಕೊಟ್ಟವನು ನೀನೇ ತಾನೆ? ಒಂದೇ ವರ್ಷದಲ್ಲಿ ನನಗೆ ಮೂರು ಸಲ ಟೈಫಾಯಿಡ್ ಬರಿಸಿ, ಲೆಕ್ಕದ ಮೇಷ್ಟ್ರ ಕೈಗೆ ಸಿಕ್ಕಿಬಿದ್ದು, ಇಬ್ಬರೂ ಬೆಂಚಿನ ಮೇಲೆ ನಿಂತೆವು.

ಈ ಸಲ ಪೆನ್ನು ನಿಲ್ಲುವ ಹಾಗಿಲ್ಲ. ಹೋದ ವಾರ ನಿನ್ನ ಹೆಂಡತಿ ನಮ್ಮನೆಗೆ ಫೋನ್ ಮಾಡಿದ್ದಳು. ತಂಗಿ ಏನನ್ನೂ ಬೇಡಲಿಲ್ಲ, ದೂರು ಹೇಳಲಿಲ್ಲ. "ಅಣ್ಣಾ, ಇವರು ಅವತ್ತಿನಿಂದ ತಲೆಗೆ ಯಾರ ಕೈಯನ್ನೂ ಮುಟ್ಟಿಸಿಲ್ಲ. ಗಡ್ಡ ಎದೆವರೆಗೂ ಬಂದಿದೆ. ಬ್ರಷ್ಷುಗಳೆಲ್ಲ ಒಣಗಿ ಕಡ್ಡಿಯಾಗಿವೆ. ಮಾತೂ ಅಷ್ಟಕ್ಕಷ್ಟೆ," ಅಂದಳು. ಫೋನಿಟ್ಟ ಮೇಲೆ ನಾನು ಊಟಕ್ಕೆ ಏಳಲಿಲ್ಲ. ಅದಕ್ಕೇ ಒಂದು ಮಾತು ಕೇಳಬೇಕೂಂತ ಕೂತಿದ್ದೇನೆ. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ನಿನ್ನ ಮನೆಗೆ ಬರಲಾ? ಈಗಲೇ ಬೇಡ ಅನ್ನಬೇಡ. ಪೂರ್ತಿ ಓದಿ ಆಮೇಲೆ ಬೇಡ ಅನ್ನು.

ಇಲ್ಲಿ ನಿನ್ನ ಅತ್ತಿಗೆಗೆ ಮಂಡಿನೋವು, ಬಾಯಿಗೆ ಮಾತ್ರ ಏನೂ ಆಗಿಲ್ಲ. ಅಂಗಡಿಯ ದೊಡ್ಡ ಕ್ಷೌರದ ಕುರ್ಚಿಗೆ ಹೊಸ ರೆಕ್ಸಿನ್ ಹಾಕಿಸಿದೆ. ಕೂತವರು ಏಳುವಾಗ ಅದು 'ಪುಸ್' ಅನ್ನುತ್ತದೆ, ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ರೇಡಿಯೋ ಅಟ್ಟ ಸೇರಿದೆ. ಅಂಗಡಿ ಶುರುವಾದ ದಿನ ನೀನು ಬರೆದುಕೊಟ್ಟಿದ್ದೆಯಲ್ಲ, ಒಂದು ಮುಖಕ್ಕೆ 'ತೆರೆದಿದೆ', ಇನ್ನೊಂದು ಮುಖಕ್ಕೆ 'ಮುಚ್ಚಿದೆ' ಅಂತ, ಆ ಬೋರ್ಡನ್ನೂ ಇಳಿಸಿದ್ದೇನೆ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ, ಮೊದಲು ನಗುವ ಸುದ್ದಿ ಕೇಳು.

ನಾನು ಮತ್ತೆ ವಿದ್ಯಾರ್ಥಿಯಾಗಿದ್ದೆ ಕಣೋ! ಆರು ವಾರ ಕಲಿತೆ, ಪಾಸೂ ಆದೆ, ಸರ್ಟಿಫಿಕೇಟು ಕನ್ನಡಿಯ ಪಕ್ಕ ನೇತಾಡುತ್ತಿದೆ. ಕಲಿತದ್ದು ಏನು ಗೊತ್ತಾ? ಬಾಯಿ ಮುಚ್ಚಿಕೊಂಡು ಕೇಳುವುದು.

ನಮ್ಮ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಒಬ್ಬ ನರ್ಸಮ್ಮ ಬಂದಿದ್ದಾರೆ. ಕುಳ್ಳಗಿದ್ದಾರೆ, ಚಪ್ಪಲಿ ಸದ್ದಿಗೇ ಜನ ದಾರಿ ಬಿಡುತ್ತಾರೆ. ಒಂದು ದಿನ ಅಂಗಡಿಯೊಳಗೆ ಬಂದು, ಕಾಯುವವರ ಬೆಂಚಿನ ಮೇಲೆ ಕೂತು, ಒಂದು ಗಂಟೆ ಸುಮ್ಮನೆ ನೋಡಿದರು. ಲೈಸೆನ್ಸ್ ನೋಡೋಕೆ ಬಂದಿದ್ದಾರೆ ಅಂದುಕೊಂಡು ನಾನು ನೆಲ ಎರಡು ಸಲ ಗುಡಿಸಿದೆ. ಕೊನೆಗೆ ಎದ್ದು ಹೇಳಿದರು: "ಹನ್ನೊಂದು ಜನ ಬಂದು ಹೋದ್ರು. ಅದರಲ್ಲಿ ಒಂಬತ್ತು ಜನ ಮನೆ ಕಷ್ಟ ಹೇಳ್ಕೊಂಡ್ರು. ಇದೇ ಜನ ನನ್ನ ಹತ್ರ ಬಂದ್ರೆ ಹೊಟ್ಟೆನೋವು ಅಂತಾರೆ, ಮಾತ್ರೆ ಇಸ್ಕೊಂಡು ಹೋಗ್ತಾರೆ. ನಿಮ್ಮ ಹತ್ರ ಕುತ್ತಿಗೆ ಬಗ್ಗಿಸಿ ಕೂತಾಗ ನಿಜ ಹೊರಗೆ ಬರುತ್ತೆ. ಆದರೆ ನೀವು ಕೇಳೋದೇ ಇಲ್ವಲ್ಲ! ಅವರು ಒಂದು ಹೇಳೋದ್ರೊಳಗೆ ನೀವು ಹತ್ತು ಹೇಳ್ತೀರಾ. ಆರು ವಾರ ತರಬೇತಿ ಕೊಡ್ತೀನಿ, ಬನ್ನಿ."

ಮನೆಗೆ ಬಂದು ತರಬೇತಿಯ ವಿಷಯ ಹೇಳಿದಾಗ ನಿನ್ನ ಅತ್ತಿಗೆ ಕೈಲಿದ್ದ ಸೌಟು ಕೆಳಗಿಟ್ಟು ನಕ್ಕಳು. "ಇವರಿಗೆ ಬಾಯಿ ಮುಚ್ಚೋ ತರಬೇತಿಯಾ? ಇಪ್ಪತ್ತಾರು ವರ್ಷದಿಂದ ನಾನೂ ಕೊಡ್ತಾನೇ ಇದೀನಿ. ನಾಯಿ ಬಾಲಕ್ಕೆ ನಳಿಗೆ ಕಟ್ಟಿದ್ರೆ ನೆಟ್ಟಗಾಗುತ್ತಾ?"

ಆರೋಗ್ಯ ಕೇಂದ್ರದ ಮಹಡಿಯ ಕೋಣೆಯಲ್ಲಿ ಪಾಠ. ನಾನು, ಒಬ್ಬ ದರ್ಜಿ, ಬ್ಯೂಟಿ ಪಾರ್ಲರಿನಾಕೆ, ಇಬ್ಬರು ಆಟೋದವರು. ಜನ ಯಾರ ಮುಂದೆ ತಾವಾಗಿ ಬಾಯಿ ಬಿಡುತ್ತಾರೋ ಅಂಥವರನ್ನೇ ನರ್ಸಮ್ಮ ಹುಡುಕಿ ತಂದಿದ್ದರು. ಮೊದಲ ದಿನವೇ ಕರೀ ಹಲಗೆಯ ಮೇಲೆ ಬರೆದರು: 'ಅಳಬೇಡಿ' ಅನ್ನಬಾರದು. 'ಎಲ್ಲಾ ಒಳ್ಳೇದಕ್ಕೇ' ಅನ್ನಬಾರದು. 'ಕಾಲವೇ ಮದ್ದು' ಅನ್ನಬಾರದು. 'ನನಗೂ ಹೀಗೇ ಆಗಿತ್ತು' ಅಂತ ನಮ್ಮ ಪುರಾಣ ಬಿಚ್ಚಬಾರದು. ನಾನು ಕೈ ಎತ್ತಿ, "ಮೇಡಂ, ಇದಿಷ್ಟೂ ತೆಗೆದರೆ ನನ್ನ ಹತ್ರ ಉಳಿಯೋದು ಏನು?" ಅಂದೆ. "ಎರಡು ಕಿವಿ," ಅಂದರು. ಯಾರಾದರೂ ವಾರಗಟ್ಟಲೆ ನಿದ್ದೆಯಿಲ್ಲ ಅಂದರೆ, ಬದುಕೇ ಬೇಡ ಅನ್ನುವ ಮಾತಾಡಿದರೆ, ಅದನ್ನು ನಾವೊಬ್ಬರೇ ಹೊರಬಾರದು, ಅವರ ಜೊತೆಯಲ್ಲೇ ನಡೆದುಕೊಂಡು ತಮ್ಮ ಹತ್ತಿರ ಕರೆತರಬೇಕು ಅಂತಲೂ ಹೇಳಿದರು. ಆಮೇಲೆ ದರ್ಜಿಯನ್ನು ನನ್ನ ಎದುರು ಕೂರಿಸಿ, ಗಡಿಯಾರ ನೋಡಿಕೊಂಡು ನನ್ನ ಕೈಲಿ ಐದು ನಿಮಿಷ ಅವನ ಮಾತು ಕೇಳಿಸಿದರು. ಎರಡನೇ ನಿಮಿಷಕ್ಕೇ, ಮಾತು ತಡೆದೂ ತಡೆದೂ ನನ್ನ ಹೊಟ್ಟೆ ಉಬ್ಬಿ ಬಂತು.

ಇನ್ನು ನನ್ನ ಪ್ರಾಯೋಗಿಕ ಪರೀಕ್ಷೆಯ ಕಥೆ. ನಮ್ಮ ಲೆಕ್ಕದ ಮೇಷ್ಟ್ರನ್ನು ನೆನೆಸಿಕೋ. ಅದೇ, ನಮ್ಮ ಟೈಫಾಯಿಡ್ ಸುಳ್ಳನ್ನು ಹಿಡಿದವರು. ಅವರ ಹೆಂಡತಿ ಚಳಿಗಾಲದಲ್ಲಿ ತೀರಿಕೊಂಡರು. ಮೂರು ತಿಂಗಳು ಮೇಷ್ಟ್ರು ಮನೆಯಿಂದ ಹೊರಗೇ ಬಂದಿರಲಿಲ್ಲ. ಒಂದು ದಿನ ಬಂದರು, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, "ಸುತ್ತ ಸ್ವಲ್ಪ ಸಣ್ಣ ಮಾಡು ಸಾಕು," ಅಂದು ಕೂತರು. ಎರಡು ಸಲ ಕತ್ತರಿ ಆಡಿಸುವುದರೊಳಗೆ ಮಾತು ಶುರುವಾಯಿತು. "ಅವಳು ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದಾಳೆ ಅಂತ ಇನ್ನೂ ಸಿಕ್ಕಿಲ್ಲ ಕಣೋ. ಅವಳನ್ನೇ ಕೇಳೋಣ ಅಂತ ಒಳಕೋಣೆವರೆಗೂ ಹೋಗ್ತೀನಿ. ಹೋದ ಮೇಲೆ ನೆನಪಾಗುತ್ತೆ."

ನಾನು ಬಾಯಿ ಬಿಡಲಿಲ್ಲ. ನರ್ಸಮ್ಮನ ಪಾಠ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮಧ್ಯೆ ತಡೆಯಬಾರದು, ಅಷ್ಟೆ. ಅವರು ಮದುವೆ ಹೇಳಿದರು, ಬಾಡಿಗೆ ಮನೆಗಳನ್ನು ಹೇಳಿದರು, ಆಸ್ಪತ್ರೆಯ ಕೊನೆಯ ವಾರ ಹೇಳಿದರು. ನಲವತ್ತು ನಿಮಿಷ ಅವರು ನಿಲ್ಲಿಸಲಿಲ್ಲ, ನಾನು ತಡೆಯಲಿಲ್ಲ. ನನ್ನ ಗಮನವೆಲ್ಲ ಕಿವಿಯಲ್ಲಿ. ಕೈಗೆ ಮಾತ್ರ ಯಾರೂ ಪಾಠ ಹೇಳಿರಲಿಲ್ಲ ನೋಡು. ಅದು ತನ್ನ ಪಾಡಿಗೆ ಕಚಕಚ ಅಂತ ಕೆಲಸ ಮಾಡುತ್ತಲೇ ಇತ್ತು.

ಮೇಷ್ಟ್ರು ಮಾತು ಮುಗಿಸಿ ಉಸಿರುಬಿಟ್ಟಾಗ ನಾನು ಕನ್ನಡಿ ನೋಡಿದೆ. ಬೇರೆ ದಾರಿಯಿಲ್ಲದೆ ಕನ್ನಡಕ ವಾಪಸು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡರು. ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು. "ಎಷ್ಟು ಉಳೀತು?" ಅಂದರು.

"ಸಾರ್... ಸೊನ್ನೆಗೆ ಹತ್ತಿರ."

ಒಂದು ಕ್ಷಣ ಬೆಂಚಿನ ಮೇಲೆ ನಿಲ್ಲಿಸುತ್ತಾರೆ ಅಂತಲೇ ಅಂದುಕೊಂಡೆ. ಅವರ ಹೊಟ್ಟೆ ಕುಣಿಯತೊಡಗಿತು. ಜೋರಾಗಿ ನಕ್ಕರು. "ಅವಳಿದ್ದಿದ್ರೆ ಇವತ್ತು ಮನೆಯೊಳಗೇ ಸೇರಿಸ್ತಿರಲಿಲ್ಲ ಕಣೋ!" ಅನ್ನುತ್ತಾ ನಕ್ಕರು, ನಗುತ್ತಾ ನಗುತ್ತಾ ಅತ್ತರು. ಭುಜದ ಮೇಲೆ ಕೈಯಿಟ್ಟು ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ನಂಬುತ್ತೀಯಾ? ನಾನು!

ಈ ಕಥೆ ಕೇಳಿ ನರ್ಸಮ್ಮ ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕು, ತಮ್ಮ ಪಾಠಕ್ಕೆ ಹೊಸ ನಿಯಮ ಸೇರಿಸಿಕೊಂಡರು: ಮಾತು ಶುರುವಾದರೆ ಕತ್ತರಿ ಕೆಳಗೆ. ಮೇಷ್ಟ್ರು ಈಗ ವಾರವಾರ ಬರುತ್ತಾರೆ. ಕೂದಲು ಬೆಳೆದಿರುವುದಿಲ್ಲ, ಆದರೂ ಬಂದು ಕೂರುತ್ತಾರೆ. ಅವರನ್ನು ನೋಡಿ ಇನ್ನೂ ಮೂವರು ಬರತೊಡಗಿದರು. ಗುರುವಾರ ಸಂಜೆ ಐದಕ್ಕೆ ನಮ್ಮ ಬೆಂಚು ಭರ್ತಿ. ಒಬ್ಬ ಅಣ್ಣನನ್ನು ಕಳೆದುಕೊಂಡವನು, ಒಬ್ಬ ತಾಯಿಯನ್ನು. ಮತ್ತೊಬ್ಬ ಯಾರನ್ನು ಅಂತ ಇನ್ನೂ ಹೇಳಿಲ್ಲ, ಎಲ್ಲರಿಗೂ ಟೀ ಹಂಚುವ ಕೆಲಸ ತಾನೇ ವಹಿಸಿಕೊಂಡಿದ್ದಾನೆ. ಅಳು ಬಂದರೆ ಅಳುತ್ತಾರೆ. ಹೆಚ್ಚಾಗಿ ನಗುವೇ. ಸತ್ತವರ ಜಿಪುಣತನ, ಗೊರಕೆ, ಮೊಂಡಾಟ ಹೇಳಿಕೊಂಡು ಎಷ್ಟು ನಗಬಹುದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ ಕಣೋ.

ಈಗ ಸ್ವಲ್ಪ ಕಷ್ಟದ ಮಾತು. ಮಕ್ಕಳನ್ನು ಎತ್ತರಕ್ಕೆ ಕೂರಿಸಲು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಡುತ್ತಿದ್ದ ಹಲಗೆ ನಿನಗೆ ನೆನಪಿದೆ. ಬರೀ ಹಲಗೆ ಮೇಲೆ ಕೂರೋದಿಲ್ಲ ಅಂತ ನಿನ್ನ ಮಗಳು ಚಿಲ್ಟು ಹಟ ಹಿಡಿದಳು, ಅದಕ್ಕೆ ನೀನು ಅದರ ಮೇಲೆ ಕೆಂಪು ಕುದುರೆ ಬರೆದೆ. ಆಮೇಲೆ ಅವಳು ಅದರ ಮೇಲೆ ಕೂತಾಗಲೆಲ್ಲ, "ಕತ್ತರಿ ಮಾವ, ಮೆಲ್ಲಗೆ, ಕುದುರೆ ಬೆದರುತ್ತೆ," ಅನ್ನುತ್ತಿದ್ದಳು. ಮೂರೇ ದಿನದ ಜ್ವರ ಅವಳನ್ನು ಕರೆದುಕೊಂಡು ಹೋದ ಮೇಲೆ ಆ ಹಲಗೆಯನ್ನು ಬೀರುವಿನ ಹಿಂದೆ ತಳ್ಳಿದೆ. ಚಿಕ್ಕ ಮಕ್ಕಳನ್ನು ಕರೆತಂದವರಿಗೆಲ್ಲ ಹಲಗೆ ಮುರಿದಿದೆ, ಆಚೆ ಬೀದಿಯ ಅಂಗಡಿಗೆ ಹೋಗಿ ಅಂತ ಸುಳ್ಳು ಹೇಳುತ್ತಿದ್ದೆ.

ಎರಡು ತಿಂಗಳ ಹಿಂದೆ ಹಾಗೆ ಒಬ್ಬ ತಾಯಿಯನ್ನು ವಾಪಸು ಕಳಿಸುವಾಗ ಮೇಷ್ಟ್ರು ಕೂತಿದ್ದರು. ಆಕೆ ಹೋದ ಮೇಲೆ, "ಟೈಫಾಯಿಡ್ ಕಾಲದಿಂದ ನಿನ್ನ ಸುಳ್ಳು ನನಗೆ ಗೊತ್ತಾಗುತ್ತೆ. ಕೂತ್ಕೋ," ಅಂದರು. ನನ್ನದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಹಿಂದೆ ನಿಂತರು. ನಾನು ಚಿಲ್ಟುವಿನ ವಿಷಯ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಗಡಿಯಾರ ನೋಡಲಿಲ್ಲ. ಮುಗಿದ ಮೇಲೆ ಬೀರುವಿನ ಹಿಂದಿನಿಂದ ಹಲಗೆ ಎಳೆದು, ಧೂಳು ಒರೆಸಿ, ಗೋಡೆಗೆ ಆನಿಸಿಟ್ಟರು. ಮಾರನೇ ವಾರ ನಾಲ್ಕು ವರ್ಷದವಳೊಬ್ಬಳು ಅದರ ಮೇಲೆ ಕೂತು, "ಕುದುರೆ ಯಾರು ಬರೆದಿದ್ದು?" ಅಂತ ಕೇಳಿದಳು. "ನನ್ನ ಸ್ನೇಹಿತ," ಅಂದೆ. "ಚೆನ್ನಾಗಿ ಬರೀತಾರೆ," ಅಂದಳು. ನಿನಗೆ ತಲುಪಿಸಬೇಕಾದ ಮಾತು, ತಲುಪಿಸಿದ್ದೇನೆ.

ಅದಕ್ಕೇ ಆ ಭಾನುವಾರ ಹತ್ತರ ಬಸ್ಸಿಗೆ ಬರುತ್ತೇನೆ. ಭಾನುವಾರ ನಮಗೆ ಎಂಥಾ ರಶ್ಶು ಅಂತ ನಿನಗೇ ಗೊತ್ತು, ಇಷ್ಟು ವರ್ಷದಲ್ಲಿ ಮೊದಲ ಸಲ ಅಂಗಡಿ ತೆರೆಯುವುದಿಲ್ಲ. ಕತ್ತರಿ ಬಾಚಣಿಗೆ ತರುತ್ತೇನೆ, ಚೀಲದಿಂದ ಹೊರಗೆ ತೆಗೆಯಲೇಬೇಕು ಅಂತೇನಿಲ್ಲ. ನೀನು ಮಾತಾಡಬೇಕಾಗಿಲ್ಲ. ನಾನಂತೂ ಆಡುವುದಿಲ್ಲ, ನನ್ನ ಹತ್ತಿರ ಸರ್ಟಿಫಿಕೇಟಿದೆ. ಸುಮ್ಮನೆ ಪಕ್ಕದಲ್ಲಿ ಕೂತು ಟೀ ಕುಡಿದು ಸಂಜೆಯ ಬಸ್ಸಿಗೆ ವಾಪಸಾಗುತ್ತೇನೆ. ನಿನಗೇ ಬೇಕೆನಿಸಿದರೆ ನಮ್ಮ ನರ್ಸಮ್ಮನಂಥವರು ನಿಮ್ಮ ಕಡೆ ಯಾರಿದ್ದಾರೆ ಅಂತ ವಿಚಾರಿಸಿ ಇಟ್ಟಿದ್ದೇನೆ. ಅವಸರವೇನೂ ಇಲ್ಲ.

ತಂಗಿಗೆ ಅಣ್ಣನ ಆಶೀರ್ವಾದ ಹೇಳು. ಇಬ್ಬರಿಗೂ ರಾತ್ರಿ ನಿದ್ದೆ ಬರಲಿ, ಬಾಯಿಗೆ ಊಟ ರುಚಿಸಲಿ. ಸದ್ಯಕ್ಕೆ ಇದಕ್ಕಿಂತ ದೊಡ್ಡದನ್ನು ಹರಸುವ ಯೋಗ್ಯತೆ ನನಗಿಲ್ಲ.

ಇಂತಿ ನಿನ್ನ
ವಟವಟ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಲಾಗದೆಯೇ ಏಳು ಸಲ ಪೆನ್ನು ನಿಂತದ್ದು.

ಆಸ್ಪತ್ರೆಯಲ್ಲಿ, ಆಮೇಲೆ ಎರಡು ದಿನ, ನಾನು ಜನರ ಮಧ್ಯೆ ಓಡಾಡಿದೆ. ಓಡಾಡುವ ಕೆಲಸ ಇದ್ದಷ್ಟು ಹೊತ್ತು ಧೈರ್ಯವಿತ್ತು. ಚಿಲ್ಟು ಹೋದ ಐದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ಅಂಗಡಿಯಲ್ಲಿ ಒಬ್ಬನೇ ಇದ್ದೆ. ನೀನು ರಸ್ತೆ ದಾಟಿ ಬರುವುದು ಕನ್ನಡಿಯಲ್ಲಿ ಕಂಡಿತು. ಒಬ್ಬನೇ ಬರುತ್ತಿದ್ದೆ, ನನ್ನ ಹತ್ತಿರವೇ. ನಿನಗೆ ಏನು ಹೇಳುವುದು ಅಂತ ತೋಚಲಿಲ್ಲ. ಹೆದರಿಬಿಟ್ಟೆ ಕಣೋ. ಓಡಿಹೋಗಿ ಬೋರ್ಡು ತಿರುಗಿಸಿ, ಚಿಲಕ ಹಾಕಿ, ಬಾಗಿಲ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ನೀನೇ ಕೈಯಾರೆ ಬರೆದ 'ಮುಚ್ಚಿದೆ' ಅನ್ನುವುದನ್ನು ನಿನಗೇ ತೋರಿಸಿದೆ.

ನೀನು ಬಾಗಿಲು ತಟ್ಟಲಿಲ್ಲ. ಸುಮ್ಮನೆ ನಿಂತಿದ್ದೆ. ಗಾಜಿನಿಂದ ಬಿದ್ದ ನಿನ್ನ ನೆರಳು ನನ್ನ ಕಾಲಿನವರೆಗೂ ಬಂದಿತ್ತು. ಬಹಳ ಹೊತ್ತಾದ ಮೇಲೆ ನೆರಳು ಹೋಯಿತು. ಆಗ ನನ್ನ ಕಿವಿಗೆ ಬಿತ್ತು, ಅಷ್ಟೂ ಹೊತ್ತು ಒಳಗೆ ರೇಡಿಯೋ ಹಾಡುತ್ತಲೇ ಇತ್ತು. ನಾನು ಒಳಗಿದ್ದೇನೆ ಅಂತ ನಿನಗೆ ಗೊತ್ತಿತ್ತು.

ನಾನು ಬರುತ್ತಿರುವುದು ಕ್ಷಮಿಸು ಅಂತ ಕೇಳಲು ಅಲ್ಲ. ನೀನು ಬಾಗಿಲು ತೆಗೆಯದಿದ್ದರೂ ಸರಿ, ಸಂಜೆಯ ಬಸ್ಸಿನವರೆಗೆ ಹೊರಗೇ ನಿಂತಿರುತ್ತೇನೆ. ಒಳಗೆ ರೇಡಿಯೋ ಮಾತ್ರ ಹಾಕಿಕೊಂಡಿರು. ನೀನು ಅಲ್ಲೇ ಇದ್ದೀಯ ಅಂತ ಗೊತ್ತಾದರೆ ನನಗೆ ಸಾಕು.